ಅರ್ಧ ಬಂಪರಿನ ಗಂಗಾದೇವಿ

ಕಾರಿನ ಮೇಲೆ ಗೀರು ಬಿದ್ದಾಗ, ಆ ಕಾರನ್ನು ಓಡಿಸುವವಳು ಹೆಂಗಸಾಗಿದ್ದರೆ ವಿಚಾರಣೆ ನಡೆಯುವುದಿಲ್ಲ. ನೇರವಾಗಿ ತೀರ್ಪು ಬರುತ್ತದೆ. ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿಲ್ಲ ಎನ್ನುವವರು ಒಂದೋ ಕಾರನ್ನೇ ನೋಡಿಲ್ಲ, ಇಲ್ಲವೇ ತೀರ್ಪು ಕೊಟ್ಟವರ ಪೈಕಿ ತಾವೂ ಒಬ್ಬರು.

ಎಂಬತ್ತಮೂರರ ದಸರಾ ಮುಗಿದಿತ್ತು. ಸಂಜಯನಗರದ ಒಂದು ಅಡ್ಡರಸ್ತೆಯಲ್ಲಿ ಇದ್ದದ್ದೇ ಒಂದು ಕಾರು, ಬೂದು ಬಣ್ಣದ ಹಳೆಯ ಫಿಯಟ್. ಅದು ಗಂಗಾದೇವಿಯವರದು. ಹುಬ್ಬಳ್ಳಿಯಲ್ಲಿ ಅವರ ತಂದೆ ಡಾಕ್ಟರಾಗಿದ್ದರು. ಸುತ್ತಲ ಹಳ್ಳಿಗಳಿಗೆ ಇದೇ ಕಾರಿನಲ್ಲಿ ಹೋಗಿಬರುತ್ತಿದ್ದರು. ಕಣ್ಣು ಮಂಜಾದ ಮೇಲೆ ಮಗಳನ್ನೇ ಸ್ಟೀರಿಂಗ್ ಮುಂದೆ ಕೂರಿಸಿದರು. ಕಾಲೇಜು ಹುಡುಗಿ ಗಂಗಾದೇವಿ ಕುಂದಗೋಳ, ನವಲಗುಂದಗಳ ಎರೆಮಣ್ಣಿನ ಕೆಸರಿನಲ್ಲಿ ಕಾರು ಹೂತುಕೊಳ್ಳದಂತೆ ಓಡಿಸುವುದನ್ನು ಕಲಿತದ್ದು ಹಾಗೆ. ತಂದೆ ಹೋದ ಮೇಲೆ ಕಾರು ಮಗಳಿಗೆ ಬಂತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಅದನ್ನು ತಂದವರೂ ಅವರೇ. ಪಕ್ಕದಲ್ಲಿ ಕೂತಿದ್ದ ಗಂಡ ವೀರಬಸಪ್ಪ ಹರಿಹರದಿಂದ ತುಮಕೂರಿನವರೆಗೆ ಬಾಯಿ ತೆರೆದು ನಿದ್ದೆ ಹೊಡೆದರು. ಹೆಂಡತಿಯ ಡ್ರೈವಿಂಗಿನ ಮೇಲೆ ಅವರಿಗಿದ್ದ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಆಮೇಲೆ ಅವರಿಗೂ ಕಾರು ಕಲಿಸಿದವರು ಗಂಗಾದೇವಿಯೇ. ಈ ಮಾತನ್ನು ವೀರಬಸಪ್ಪ ಯಾರ ಮುಂದೆಯೂ ಹೇಳುತ್ತಿರಲಿಲ್ಲ.

ಗಂಗಾದೇವಿ ಯಲಹಂಕದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದರು. ಬೆಳಿಗ್ಗೆ ಹೆಬ್ಬಾಳ ದಾಟಿ, ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ವಿದ್ಯಾರ್ಥಿನಿಯರನ್ನು ಹತ್ತಿಸಿಕೊಂಡು ಹೋಗುವುದು ವಾಡಿಕೆ. ಹುಡುಗಿಯರು ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು, ಜಕ್ಕೂರು ಬರುವಷ್ಟರಲ್ಲಿ ಹೋಂವರ್ಕ್ ಮುಗಿಸಿಬಿಡುತ್ತಿದ್ದರು. ಸೋಮವಾರ ಸಂಜೆ ಅದೇ ಕಾರಿನಲ್ಲಿ ಅತ್ತೆ ನೀಲಕ್ಕನವರಿಗೆ ಈಶ್ವರನ ಗುಡಿಯ ಸವಾರಿ. ಹೆಣ್ಣುಮಕ್ಕಳು ಕಾರು ಓಡಿಸುವುದು ನೀಲಕ್ಕನವರಿಗೆ ಒಪ್ಪಿಗೆ ಇರಲಿಲ್ಲ. ಮುಂದಿನ ಸೀಟು ಮಾತ್ರ ಬಹಳ ಒಪ್ಪಿಗೆಯಾಗಿತ್ತು.

ವೀರಬಸಪ್ಪನವರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ. ಊರಲ್ಲಿ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದಷ್ಟೇ ಹೇಳಿ ಅಭ್ಯಾಸವಾಗಿದ್ದ ಅವರಿಗೆ, ಬೆಂಗಳೂರಿನ ಬಸ್ಸು ಲಾರಿಗಳ ಆಯುಧ ಪೂಜೆ ನೋಡಿ ಹುಚ್ಚು ಹಿಡಿದಿತ್ತು. ಆ ವರ್ಷ ಫಿಯಟ್ಟಿನ ಮುಂದಿನ ಬಂಪರಿನ ಎರಡು ಕೊನೆಗೆ ಎರಡು ಬಾಳೆಕಂದು ಬಿಗಿದರು. ಬಂಪರಿನ ಉದ್ದಕ್ಕೂ ಚೆಂಡುಹೂವಿನ ದಪ್ಪ ಹಾರ ಸುತ್ತಿದರು. ಮಧ್ಯದಲ್ಲಿ ವಿಭೂತಿಯ ಮೂರು ಪಟ್ಟೆ. ಚಕ್ರದಡಿ ನಿಂಬೆಹಣ್ಣು, ರಸ್ತೆಯಲ್ಲಿ ಬೂದುಗುಂಬಳದ ಹೋಳು. "ಪೂಜಾದ ದಿನ ಗಂಡಸೇ ಗಾಡಿ ಹೊಡೀಬೇಕು" ಎಂದು ನೀಲಕ್ಕ ಅಪ್ಪಣೆ ಮಾಡಿದ್ದರಿಂದ ವೀರಬಸಪ್ಪನವರೇ ಓಡಿಸಿಕೊಂಡು ಕಾರ್ಖಾನೆಯವರೆಗೆ ಹೋಗಿ, ಗೆಳೆಯರಿಗೆಲ್ಲ ತೋರಿಸಿ ಬಂದರು. ದಾರಿಯುದ್ದಕ್ಕೂ ಬಾಳೆಕಂದುಗಳು ಗಾಳಿಗೆ ತಲೆ ಅಲ್ಲಾಡಿಸುತ್ತಿದ್ದವು, ಕಾರು ಎಲ್ಲದಕ್ಕೂ ಹೌದು ಹೌದು ಅನ್ನುತ್ತಿರುವ ಹಾಗೆ.

ಮರುದಿನ ಬಾಳೆಕಂದು ಕತ್ತರಿಸಿ ಹಸುವಿಗೆ ಹಾಕಿದರು. ಹಾರ ಹಾಗೇ ಉಳಿಯಿತು. ಪೂಜೆಯ ಹಾರವನ್ನು ನಾವಾಗಿ ಕೀಳುವುದಿಲ್ಲ. ಅದು ಒಣಗಿ, ಕಂದಿ, ದೂಳು ಕುಡಿದು ತಾನಾಗಿ ಉದುರಬೇಕು. ವಿಭೂತಿ ಅಳಿಸಬಾರದೆಂದು ಕಾರನ್ನು ತೊಳೆಯುವುದೂ ಇಲ್ಲ. ಆ ಹಾರ ಹೊತ್ತುಕೊಂಡೇ ಫಿಯಟ್ಟು ದಿನವೂ ಯಲಹಂಕಕ್ಕೆ ಹೋಗಿ ಬಂತು.

ಒಂದು ಬೆಳಿಗ್ಗೆ ಹಾರ ಉದುರಿತು. ವೀರಬಸಪ್ಪ ಹಲ್ಲುಜ್ಜುತ್ತಾ ಹೊರಗೆ ಬಂದವರು ಬ್ರಷ್ಷನ್ನು ಬಾಯಲ್ಲೇ ಮರೆತು ನಿಂತರು.

"ಗಂಗಾ! ಇಲ್ಲಿ ಬಾ. ಬಂಪರ್ ನೋಡಿಲ್ಲಿ. ಎರಡೂ ಕಡೆ ಕೆರದು ಹೋಗೇತಿ. ಎಲ್ಲಿ ಹೊಡದಿ?"

"ನಾ ಎಲ್ಲೂ ಹೊಡದಿಲ್ಲರೀ."

"ಹಂಗಾರ ಬಂಪರ್ ತಾನ ಎದ್ದು ಹೋಗಿ ಗ್ವಾಡಿಗೆ ಮೈ ತಿಕ್ಕೊಂಡು ಬಂತೇನು?"

ಒಳಗಿನಿಂದ ನೀಲಕ್ಕನ ದನಿ ಬಂತು: "ನಾ ಅವತ್ತ ಹೇಳಿದ್ದೆ."

ಆ ಬಂಪರಿನ ಮೂಲ ಹೊಳಪು ಹುಬ್ಬಳ್ಳಿಯಲ್ಲೇ ಹೋಗಿತ್ತು. ತಂದೆಯ ಕಾಲದಲ್ಲೇ ಸಿಲ್ವರ್ ಪೇಂಟ್ ಹೊಡೆಸಿದ್ದರು. ಈಗ ಎರಡು ಕೊನೆಯಲ್ಲೂ ಪೇಂಟು ಎದ್ದು, ಒಳಗಿನ ತಗಡು ತುಕ್ಕಿನ ಹಲ್ಲು ತೋರಿಸುತ್ತಿತ್ತು. ಇನ್‌ಸ್ಪೆಕ್ಷನ್ ಮನುಷ್ಯ ಸ್ಕೇಲು ತಂದು ಎರಡೂ ಗೀರನ್ನು ಅಳೆದರು. "ಎರಡೂ ಒಂದ ಅಳತಿ" ಎಂದರು. ಆಮೇಲೆ ತಮ್ಮ ಇಡೀ ವೃತ್ತಿಗೆ ಅವಮಾನವಾಗುವಂಥ ತೀರ್ಮಾನಕ್ಕೆ ಬಂದರು: "ಅಂದ್ರ ಎರಡು ಸಲ ಹೊಡದಾಳ."

ಕಾರಿನ ಕೀಲಿಕೈ ದೇವರ ಗೂಡು ಸೇರಿತು, ವಿಭೂತಿ ಗಟ್ಟಿಯ ಹಿಂದೆ. "ಬಂಪರ್ ರಿಪೇರಿ ಆಗೂತನಕ ಚಾವಿ ಇಲ್ಲೇ ಇರಲಿ. ಆಮ್ಯಾಲೆ ನೋಡೂಣು." ಆ 'ಆಮ್ಯಾಲೆ ನೋಡೂಣು' ಎಂಬ ಮಾತು ಎಷ್ಟು ಹೆಂಗಸರ ಎಷ್ಟು ವಸ್ತುಗಳನ್ನು ನುಂಗಿದೆ ಎಂದು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೆ?

ಈಗ ಪ್ರಶ್ನೆ ಒಂದೇ: ರಿಪೇರಿ ಎಲ್ಲಿ ಮಾಡಿಸುವುದು? ಭಾನುವಾರ ಕಾರಿನ ಸುತ್ತ ಸಭೆ ಸೇರಿತು. ಮೂಲೆಮನೆಯ ಹನುಮಯ್ಯ ಬಂದರು. ಅಮೃತಹಳ್ಳಿಯವರು, ಬಸ್ ಡ್ರೈವರಾಗಿ ನಿವೃತ್ತರಾದವರು. ಎದುರುಮನೆಯ ಚನ್ನಪ್ಪ ಬಂದರು. ಅವರ ಬಳಿ ಇದ್ದದ್ದು ಸೈಕಲ್ಲು. ಕಾರಿನ ಬಗ್ಗೆ ಅಭಿಪ್ರಾಯ ಹೇಳಲು ಅದು ಅಡ್ಡಿ ಬರಲಿಲ್ಲ.

"ಸಾರ್, ಸಿಟಿಯ ದೊಡ್ಡ ವರ್ಕ್‌ಶಾಪ್‌ಗೇ ಬಿಟ್ಬಿಡಿ" ಎಂದರು ಚನ್ನಪ್ಪ. "ಅಲ್ಲಿ ಮೆಕ್ಯಾನಿಕ್ಕುಗಳು ಬಿಳಿ ಕೋಟು ಹಾಕ್ಕೊಂಡಿರ್ತಾರೆ ಕಣ್ರೀ."

"ಬಿಳಿ ಕೋಟ್ಯಾಕ್ರೀ, ಬಂಪರಿಗೆ ಹೆರಿಗಿ ಮಾಡಸ್ತಾರೇನು?" ಎಂದರು ವೀರಬಸಪ್ಪ.

ಹನುಮಯ್ಯ ಬಂಪರನ್ನು ಬೆರಳಿನಿಂದ ತಟ್ಟಿದರು. "ಅದೆಲ್ಲ ಬ್ಯಾಡ ಸಾ. ಯಸವಂತಪುರದಾಗೆ ಲಾರಿ ನಿಲ್ಲೋ ತಾವ ನಮ್ಮೋನೊಬ್ಬ ಪೇಂಟ್ರು ಅವ್ನೆ. ಲಾರಿ ಇಂದೆ ಎಂತಾ ನವಿಲು ಬರೀತಾನೆ ಅಂತೀರಾ, ಅಂಗೇ ಆರೋಗ್ಬೇಕು!"

"ಬಂಪರ್ ಮೇಲೆ ನವಿಲು ಯಾಕೆ ಹನುಮಯ್ಯನೋರೇ?" ಎಂದರು ಚನ್ನಪ್ಪ.

"ಸುಮ್ಕೆ ಇರ್ಲಿ ಬುಡಿ. ಗೀರು ಮುಚ್ಕೊಂಡೋಯ್ತದೆ. ಇನ್ನೊಂದ್ಕಿತ ಅಮ್ಮಾವ್ರು ಗುದ್ದಿದ್ರೆ ಒಂದು ಇಂಡು ನವಿಲು ಬರುಸ್ಬೋದು."

ಎಲ್ಲರೂ ನಕ್ಕರು. ಗಂಗಾದೇವಿ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಾರು ಅವರದು, ಬಂಪರು ಅವರದು, ಕಾಫಿಯೂ ಅವರದೇ. ಆದರೂ ಒಬ್ಬನೇ ಒಬ್ಬ ಅವರ ಕಡೆ ತಿರುಗಿ "ನಿಮಗೇನನ್ನಿಸುತ್ತೆ?" ಎಂದು ಕೇಳಲಿಲ್ಲ. ಸಿಲ್ವರ್ ಪೇಂಟೋ ನಿಕಲ್ ಪಾಲಿಶ್ಶೋ, ಬ್ರಷ್ಷೋ ಸ್ಪ್ರೇಯೋ ಎಂದು ವಾದ ನಡೆಯಿತು. ಮುಂದಿನ ಭಾನುವಾರವೂ ನಡೆಯಿತು. ಕೀಲಿಕೈ ಇಲ್ಲದವರಿಗೆ ಅವಸರ. ಬಾಯಿ ಇದ್ದವರಿಗೆ ಏನು ಅವಸರ?

ಗಂಗಾದೇವಿ ಬಸ್ಸಿನಲ್ಲಿ ಹೋಗತೊಡಗಿದರು. ಹೆಬ್ಬಾಳದಲ್ಲಿ ಬಸ್ಸು ಬಂದರೆ ನಿಲ್ಲುವುದಿಲ್ಲ, ನಿಂತರೆ ಜಾಗವಿಲ್ಲ. ಕೊಡಿಗೇಹಳ್ಳಿ ಗೇಟಿನ ಹುಡುಗಿಯರು ಬಸ್ಸಿನ ಕಿಟಕಿಯಲ್ಲಿ ಮೇಡಂ ಮುಖ ನೋಡಿ ಕೈಬೀಸುತ್ತಿದ್ದರು, ಆಮೇಲೆ ಮೊದಲ ಪೀರಿಯಡ್ಡಿಗೆ ತಡವಾಗಿ ಬರುತ್ತಿದ್ದರು. ಕೀಲಿಕೈ ಕಿತ್ತುಕೊಂಡದ್ದು ಒಬ್ಬರಿಂದ. ತಡವಾದದ್ದು ಅಷ್ಟೂ ಜನಕ್ಕೆ.

ಎಲ್ಲಕ್ಕಿಂತ ಕೆಟ್ಟದ್ದು ಬೇರೆ. ಗಂಗಾದೇವಿಗೆ ತಮ್ಮ ಮೇಲೇ ಅನುಮಾನ ಹತ್ತಿತು. ಕಾಲೇಜಿನ ಗೇಟಿಗೆ ತಗಲಿಸಿದೆನೇ? ಆ ದಿನ ಎಮ್ಮೆ ಅಡ್ಡ ಬಂದಾಗ ಕಟ್ಟೆಗೆ ಉಜ್ಜಿತೇ? ಎರೆಮಣ್ಣಿನಲ್ಲಿ ಕಾರು ಓಡಿಸಿದ ಹೆಂಗಸು ಬಸ್ಸಿನ ಕಂಬ ಹಿಡಿದು ನಿಂತು, ತಾನು ಮಾಡದ ತಪ್ಪನ್ನು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದಳು. ಮನೆಯವರೆಲ್ಲ ಒಂದೇ ಸಮ ಹೇಳಿದರೆ ಸುಳ್ಳಿಗೂ ನೆನಪು ಹುಟ್ಟುತ್ತದೆ. ನನಗೆ ಸಿಟ್ಟು ಬರುವುದು ಗೀರಿಗಲ್ಲ, ಇದಕ್ಕೆ.

ಕೊನೆಗೆ ಸಭೆಯನ್ನು ಬರಖಾಸ್ತು ಮಾಡಿದವರು ನೀಲಕ್ಕ. ಸೋಮವಾರ ಗುಡಿಗೆ ನಡೆದು ಹೋಗಿ ಬಂದ ಅವರು ಮೊಣಕಾಲು ಹಿಡಿದುಕೊಂಡು ಕೂಗಿದರು: "ವೀರಾ, ನಾಳಿಗೆ ಆ ಬಂಪರಿಗೆ ಬಣ್ಣ ಬೀಳಬೇಕು. ಎಲ್ಲ್ಯಾರ ಮಾಡಸು. ಸುಡಗಾಡದಾಗ ಮಾಡಸು!"

"ಆರ್‌ಟಿ ನಗರದಾಗ ಖಾದರ್ ಬಾಷಾ ಅಂತ ಅದಾರ" ಎಂದರು ಗಂಗಾದೇವಿ ತಕ್ಷಣ. "ನಮ್ಮ ಕಾಲೇಜಿನ ದಿಲ್ಶಾದ್‌ಳ ಅಪ್ಪ. ಅವರದು ಟಿಂಕರಿಂಗ್, ಪೇಂಟಿಂಗ್ ಶೆಡ್ ಐತಿ." ಹೆಂಡತಿ ಹೇಳಿದ್ದಕ್ಕೆ ವೀರಬಸಪ್ಪ ಒಪ್ಪುತ್ತಿರಲಿಲ್ಲ. ತಾಯಿಯ ಮೊಣಕಾಲು ಒಪ್ಪಿಸಿತು.

ಕಾರು ಹೊರಟಿತು. ಸ್ಟೀರಿಂಗ್ ಹಿಡಿದವರು ವೀರಬಸಪ್ಪ, ಪಕ್ಕದಲ್ಲಿ ನೀಲಕ್ಕ. ಹಿಂದೆ ಹನುಮಯ್ಯ, ಚನ್ನಪ್ಪ, ಬಾಗಿಲಿಗೆ ಒತ್ತಿಕೊಂಡು ಗಂಗಾದೇವಿ. ಇಷ್ಟು ಜನ ಯಾಕೆ ಎಂದು ಕೇಳಬೇಡಿ. ಅಭಿಪ್ರಾಯ ಕೊಟ್ಟವರಿಗೆ ಮೆರವಣಿಗೆಯಲ್ಲಿ ಜಾಗ ಬೇಡವೆ?

ಖಾದರ್ ಬಾಷಾ ಬೀಡಿ ಆರಿಸಿ ಎದ್ದು ಬಂದರು. ಬಂಪರನ್ನು ಒಂದು ಸಲ ನೋಡಿದರು, ಗಂಗಾದೇವಿಯನ್ನು ಒಂದು ಸಲ ನೋಡಿದರು. ಅವರೂ ಗಂಡಸೇ ತಾನೆ.

"ಮೇಡಂ ಓಡ್ಸ್ತಾರೆ ಅಲ್ವಾ? ಗೇಟ್‌ಗೆ ಹೊಡ್ದಿರೋದು ಸಾಬ್. ಕಣ್ಮುಚ್ಕೊಂಡು ಹೇಳ್ತೀನಿ ನಾನು."

"ಕಣ್ಣು ತಗದು ಹೇಳ್ರೀ ಬಾಷಾ ಅವರ" ಎಂದರು ಗಂಗಾದೇವಿ. "ಯಾವ ಗೇಟು ಎರಡೂ ಕಡೆ ಒಂದ ಅಳತಿ ಹೊಡೀತದ?"

ಅಷ್ಟು ದಿನ ಮನಸ್ಸಿನಲ್ಲಿ ಉರುಳುತ್ತಿದ್ದ ಪ್ರಶ್ನೆ ಬಾಯಿಗೆ ಬಂದದ್ದೇ ಆಗ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಬಂಪರಿನ ಹಿಂದೆ, ಯಾರೂ ಬಗ್ಗಿ ನೋಡದ ಜಾಗಕ್ಕೆ ಕೈ ಹಾಕಿದರು. ಬೆರಳಿಗೆ ಏನೋ ಚುಚ್ಚಿತು. ಎಳೆದರು. ತಿರುಚಿದ ಕಬ್ಬಿಣದ ತಂತಿ, ಅದರ ತುದಿಯಲ್ಲಿ ಒಣಗಿದ ಬಾಳೆನಾರು. ಇನ್ನೊಂದು ಕೊನೆಗೆ ಹೋಗಿ ಕೈ ಹಾಕಿದರು. ಅಲ್ಲೂ ಅದೇ ತಂತಿ, ಅದೇ ನಾರು.

ಹಸ್ತದ ಮೇಲಿಟ್ಟು ಗಂಡನ ಮುಂದೆ ಹಿಡಿದರು. "ಇದು ಯಾವ ಗೇಟಿಂದರೀ?"

ನೀಲಕ್ಕ ಬಗ್ಗಿ ನೋಡಿದರು. ಸೊಸೆಯ ಪಕ್ಷ ವಹಿಸುವ ಉದ್ದೇಶ ಅವರಿಗಿರಲಿಲ್ಲ. ಕಂಡದ್ದನ್ನು ಹೇಳಿಬಿಡುವ ಚಟ ಅಷ್ಟೆ. "ಇದು ನೀ ಫ್ಯಾಕ್ಟರಿಯಿಂದ ತಂದ ತಂತಿ ಅಲ್ಲೇನೋ ವೀರಾ? ಹಗ್ಗ ಕಟ್ಟೋ ಅಂದ್ರ, ಹಗ್ಗ ಸಡಲ ಆಗತದ ಅಂತ ಇದನ್ನ ಬಿಗದಿ."

ಬಾಳೆಕಂದು ಯಶವಂತಪುರದವರೆಗೆ ತಲೆಯಾಡಿಸುತ್ತಾ ಹೋಗಿದ್ದು, ಪ್ರತಿ ಸಲ ತಲೆಯಾಡಿಸಿದಾಗಲೂ ತಂತಿ ಪೇಂಟನ್ನು ಉಪ್ಪುಕಾಗದದಂತೆ ಉಜ್ಜಿದ್ದು, ಆಮೇಲೆ ಹಾರ ಅದನ್ನು ಭಕ್ತಿಯಿಂದ ಮುಚ್ಚಿಟ್ಟದ್ದು, ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು.

ಈಗ ನೋಡಿ, ನಮ್ಮ ಗಂಡಸರ ನ್ಯಾಯ ಹೇಗೆ ಕೆಲಸ ಮಾಡುತ್ತದೆ ಎಂದು.

ಮೊದಲು ಗಂಟಲು ಸರಿಮಾಡಿಕೊಂಡವರು ಹನುಮಯ್ಯ. "ಪೂಜೇಲಿ ಆಗಿದ್ದಾ? ಅಂಗಾರೆ ಅದು ಗೀರಲ್ಲ ಬುಡಿ. ಒಳ್ಳೇದೇಯ."

"ಕರೆಕ್ಟು ಸಾರ್" ಎಂದರು ಚನ್ನಪ್ಪ. "ಹಳೇ ಗಾಡಿ, ಇಷ್ಟು ಸಣ್ಣ ವಿಷಯಕ್ಕೆ ಪೇಂಟು ಗೀಂಟು ಯಾಕೆ? ಮನೆಗ್ ಹೋಗೋಣ ನಡೀರಿ."

ವೀರಬಸಪ್ಪನವರಿಗೂ ಧೈರ್ಯ ಬಂತು. "ನಾನೂ ಅದನ್ನ ಅನ್ನಾಕತ್ತಿದ್ದೆ. ದೂರದಿಂದ ನೋಡಿದ್ರ ಕಾಣಂಗೂ ಇಲ್ಲ."

ನಿನ್ನೆಯವರೆಗೆ ಬಿಳಿ ಕೋಟು, ನವಿಲು, ನಿಕಲ್ ಪಾಲಿಶ್ ಎಲ್ಲ ಬೇಕಾಗಿದ್ದ ಗೀರು, ಹೆಂಗಸಿನ ಹೆಸರು ಅಳಿಸಿದ ಗಳಿಗೆಯಲ್ಲೇ ಕಾಣದಷ್ಟು ಸಣ್ಣದಾಯಿತು. ಇಂಥ ಪೇಂಟು ಯಾವ ಶೆಡ್ಡಿನಲ್ಲೂ ಸಿಗುವುದಿಲ್ಲ.

ಗಂಗಾದೇವಿ ಕೂಗಾಡಲಿಲ್ಲ. ಕೈಯ ತುಕ್ಕು ಒರೆಸಿಕೊಂಡು ಖಾದರ್ ಬಾಷಾ ಕಡೆ ತಿರುಗಿದರು. "ಬಣ್ಣ ಆಗಬೇಕರೀ ಬಾಷಾ ಅವರ. ಎಡಗಡೆ ಅಷ್ಟ ಬಳೀರಿ. ಬಲಗಡೆ ಹೆಂಗೈತಿ ಹಂಗ ಇರಲಿ."

"ಅರೆ! ಅರ್ಧ ಬಂಪರ್ರಾ? ನೋಡ್ದೋರು ಏನಂತಾರೆ ಮೇಡಂ? ನನ್ ಹೆಸ್ರು ಹಾಳಾಗುತ್ತೆ."

"ನಿಮ್ಮ ಹೆಸರು ಯಾಕ ಹಾಳಾಗತದ? ಯಾರು ಕೇಳಿದ್ರೂ ಇವರ ಹೆಸರ ಹೇಳ್ರಿ."

ಖಾದರ್ ಬಾಷಾ ವೀರಬಸಪ್ಪನವರ ಮುಖ ನೋಡಿದರು, ಆಮೇಲೆ ತಂತಿ ನೋಡಿದರು. ಕಣ್ಮುಚ್ಚಿ ಹೇಳಿದ ತಪ್ಪು ತಮ್ಮದೂ ಇತ್ತಲ್ಲ. ಉಪ್ಪುಕಾಗದ ಎತ್ತಿಕೊಂಡು ಎಡಗಡೆಗೆ ಹೋದರು.

ಪೇಂಟು ಒಣಗಿದ ಮೇಲೆ ಗಂಗಾದೇವಿ ಗಂಡನ ಮುಂದೆ ಬರಿಗೈ ಚಾಚಿದರು. ವೀರಬಸಪ್ಪ ಜೇಬಿನಿಂದ ಕೀಲಿಕೈ ತೆಗೆದು ಆ ಕೈಯಲ್ಲಿಟ್ಟರು, ಮೆತ್ತಗೆ "ತಪ್ಪಾತು" ಅಂದರು. ವಾಪಸು ಬರುವಾಗ ಸ್ಟೀರಿಂಗ್ ಹಿಡಿದವರು ಗಂಗಾದೇವಿ. ಬಾಗಿಲಿಗೆ ಒತ್ತಿಕೊಂಡು ಕೂರುವ ಸರದಿ ವೀರಬಸಪ್ಪನವರದು. ನೀಲಕ್ಕ ಮಾತ್ರ ಮುಂದಿನ ಸೀಟು ಬಿಡಲಿಲ್ಲ. "ಗುಡಿ ಮ್ಯಾಲೆ ಹಾದು ಹೋಗು" ಎಂದರು.

ಆ ಫಿಯಟ್ಟು ಬಹಳ ವರ್ಷ ಅರ್ಧ ಹೊಳೆಯುವ, ಅರ್ಧ ತುಕ್ಕಿನ ಬಂಪರಿನಲ್ಲೇ ಓಡಿತು. ಗೇಟು ತೆಗೆಯುವ ಕೆಲಸ ವೀರಬಸಪ್ಪನವರದಾದ್ದರಿಂದ ದಿನವೂ ಬೆಳಿಗ್ಗೆ ಬಲಗಡೆಯ ಗೀರು ಅವರ ಮುಂದೆಯೇ ಹಾದು ಹೋಗುತ್ತಿತ್ತು. ಕೊಡಿಗೇಹಳ್ಳಿ ಗೇಟಿನ ಹುಡುಗಿಯರು ದೂರದಿಂದಲೇ ಗುರುತು ಹಿಡಿದು "ಅರ್ಧ ಬಂಪರ್ ಬಂತು ಕಣ್ರೇ!" ಎಂದು ಪುಸ್ತಕ ಎತ್ತಿಕೊಳ್ಳುತ್ತಿದ್ದರು. ಮುಂದಿನ ಆಯುಧ ಪೂಜೆಗೆ ಬಾಳೆಕಂದು ಕಟ್ಟಿದ್ದು ಸೆಣಬಿನ ಹಗ್ಗದಲ್ಲಿ. ಕಟ್ಟಿದವರು ವೀರಬಸಪ್ಪ, ಗಂಟು ಪರೀಕ್ಷೆ ಮಾಡಿದವರು ಗಂಗಾದೇವಿ, ಓಡಿಸಿದವರೂ ಅವರೇ.

ಇಷ್ಟು ಓದಿ ನಗುತ್ತಿದ್ದೀರಿ. ನಗಿ. ಆದರೆ ನಿಮ್ಮ ಮನೆಯಲ್ಲೂ 'ಆಮೇಲೆ ನೋಡೋಣ' ಎಂದು ಎತ್ತಿಟ್ಟ ಕೀಲಿಕೈ ಒಂದಿದೆ. ಕಾರಿನದೇ ಆಗಬೇಕಿಲ್ಲ, ಯಾರದು, ಯಾವುದು ಎಂದು ನಿಮಗೇ ಗೊತ್ತು. ಈ ಪುಟ ಮಡಚಿಡಿ, ಎದ್ದು ಹೋಗಿ ಅದನ್ನು ತೆಗೆಯಿರಿ, ತಪ್ಪಾಯಿತು ಎಂದು ಹೇಳಿ ಅವಳ ಕೈಗೆ ಕೊಡಿ. ಈಗಲೇ.