ಚಾರ್ಜರ್ ಪಕ್ಕದ ಹುಳುಮನೆ

ದಿಬ್ಬೂರಹಳ್ಳಿ ರಸ್ತೆ ಬದಿಯಲ್ಲಿ ನಮ್ಮದೊಂದು ತುಂಡು ಜಮೀನಿದೆ. ಚಿಕ್ಕಬಳ್ಳಾಪುರದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ ನಾನು ಅಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ಫಾಸ್ಟ್ ಚಾರ್ಜಿಂಗ್ ಸ್ಟೇಷನ್ ಹಾಕಲು ಹೊರಟೆ. ಟ್ರಾನ್ಸ್‌ಫಾರ್ಮರ್ ಬಂತು, ಯಂತ್ರ ನಿಂತಿತು, ಪಂಚಾಯಿತಿಯ ಒಪ್ಪಿಗೆ ಪತ್ರ ಮಾತ್ರ ಬರಲಿಲ್ಲ. ಬೇಲಿಯಾಚೆ ರೇಷ್ಮೆ ಹುಳುಮನೆ ಇಟ್ಟಿರುವ ಗೌಡರು ಪಂಚಾಯಿತಿ ಸದಸ್ಯರು. ಸಭೆಯಲ್ಲಿ ಎದ್ದು ನಿಂತು, "ಅಷ್ಟು ಕರೆಂಟು ಪಕ್ಕದಾಗೆ ಹರೀತಿದ್ರೆ ನಮ್ಮ ಹುಳ ಉಳೀತಾವೇನಮ್ಮ? ಆ ಡಬ್ಬ ಕಿತ್ಕೊಂಡು ಹೋಗು" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಆ ಮಾತು ನಮಗೆ ಹೊಸದಲ್ಲ. ನನ್ನಮ್ಮ ಇಪ್ಪತ್ತು ವರ್ಷ ಅದೇ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊತ್ತವಳು. ಹೊರೆಯನ್ನು ಬಾಗಿಲಲ್ಲೇ ಇಳಿಸಬೇಕು. ಬೇಕಾದರೆ ಕಿಟಕಿಯಿಂದ ನೋಡಬಹುದು, ಒಳಗೆ ಕಾಲಿಡಬಾರದು. ನಮ್ಮ ಜಾತಿಯವರು ಹೋದರೆ ಹುಳುವಿಗೆ ಆಗಿಬರುವುದಿಲ್ಲವಂತೆ! ಆಗ ಅಮ್ಮ, ಈಗ ನನ್ನ ಚಾರ್ಜರ್.

"ಸರಿ, ಚಾರ್ಜರ್ ಪಕ್ಕದ ಕೋಣೇಲಿ ನಾವೇ ಒಂದು ಬೆಳೆ ಹುಳ ಸಾಕ್ತೀವಿ. ಮಿಷಿನ್ ದಿನಾ ಓಡ್ತಿರುತ್ತೆ. ಬೆಳೆ ಕೆಟ್ರೆ ನಾನೇ ಕಿತ್ತಾಕ್ತೀನಿ. ಗೂಡು ಕಟ್ಟಿದ್ರೆ ಪತ್ರ ಕೊಡಿ" ಎಂದೆ. ಸಭೆ ಒಪ್ಪಿತು.

"ಸಾಕೋಳು ನಾನು, ಪಂಥ ಕಟ್ಟೋಳು ನೀನಾ?" ಎಂದು ಅಮ್ಮ ಬೈದಳು. ಬೈಯುತ್ತಲೇ ಕೋಣೆಗೆ ಸುಣ್ಣ ಬಳಿದಳು.

ಮರಿಹುಳು ತಂದೆವು. ಚಿಂತಾಮಣಿಗೆ ತರಕಾರಿ ಸಾಗಿಸುವ ಎಲೆಕ್ಟ್ರಿಕ್ ಆಟೋಗಳನ್ನು ಕರೆಕರೆದು ಪುಕ್ಕಟೆ ಚಾರ್ಜ್ ಮಾಡಿದೆ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೂರು ಜ್ವರ ಸುಸೂತ್ರ ಕಳೆದವು. ನಾಲ್ಕನೆಯದು ಮುಗಿದ ಮೇಲೆ ಕಿಟಕಿ ಪಕ್ಕದ ತಟ್ಟೆಯವು ಸೊಪ್ಪು ಮುಟ್ಟಲಿಲ್ಲ. ಕೆಲವು ಸತ್ತೂ ಹೋದವು. ಅರ್ಥಿಂಗ್, ಕೇಬಲ್ ಎಲ್ಲ ಮತ್ತೆ ಪರೀಕ್ಷಿಸಿದೆ, ಏನೂ ಸಿಗಲಿಲ್ಲ. ಅಮ್ಮ ಕಿಟಕಿಗೆ ಅಂಗೈ ಹಿಡಿದು ನಿಂತಳು.

"ಬಾರೇ ಇಲ್ಲಿ. ಈ ಬಿಸಿಗಾಳಿ ಎಲ್ಲಿಂದ ಬರ್ತೈತೆ? ಅಷ್ಟು ಓದ್ದೋಳು, ಫ್ಯಾನು ಎತ್ತ ಊದ್ತೈತೆ ಅಂತ ನೋಡ್ಲಿಲ್ವಾ?"

ಯಂತ್ರವನ್ನು ತಂಪಾಗಿಡುವ ಫ್ಯಾನು ಬಿಸಿಯನ್ನೆಲ್ಲ ನೇರ ಕಿಟಕಿಗೆ ಊದುತ್ತಿತ್ತು. ಥೂ ನನ್ನ ಬುದ್ಧಿಗೆ! ರೇಷ್ಮೆ ಸೀಮೆಯಲ್ಲಿ ಹುಟ್ಟಿ, ಹುಳುವಿಗೆ ಬಿಸಿ ಆಗದೆಂದು ತಿಳಿದೂ, ನಕ್ಷೆ ಹಾಕುವಾಗ ನನಗದು ಹೊಳೆದಿರಲಿಲ್ಲ. ಗೌಡರ ಮಾತಿನಲ್ಲಿ ಕಾಲುಭಾಗ ನಿಜವಿತ್ತಲ್ಲ ಎಂಬುದೇ ನನ್ನನ್ನು ಇನ್ನಷ್ಟು ಉರಿಸಿತು. ಬೋಲ್ಟ್ ಬಿಚ್ಚಿಸಿ ಫ್ಯಾನಿನ ಮುಖವನ್ನು ರಸ್ತೆ ಕಡೆಗೆ ತಿರುಗಿಸಿದೆ. ಯಂತ್ರವನ್ನು ಮಾತ್ರ ಇದ್ದ ಜಾಗದಿಂದ ಒಂದಡಿಯೂ ಸರಿಸಲಿಲ್ಲ.

ಉಳಿದ ಹುಳುಗಳು ಬಲಿತು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟಿದವು. ಗೌಡರು ಪಂಚಾಯಿತಿ ಕಾರ್ಯದರ್ಶಿಯನ್ನು ಕರೆದುಕೊಂಡು ನೋಡಲು ಬಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು, ಹುಳುವಿಗೆ ರೋಗ ತಗುಲದಂತೆ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆಯನ್ನು ಮುಂದಿಟ್ಟಳು.

"ಚಪ್ಪಲಿ ಬಿಟ್ಟು ಕಾಲು ಅದ್ದಿ ಗೌಡ್ರೇ. ಯಾರೇ ಬಂದ್ರೂ ಅಷ್ಟೇ. ಆಮೇಲೆ ಧಾರಾಳವಾಗಿ ಒಳಕ್ಕೆ ಬನ್ನಿ."

ಗೌಡರು ಚಪ್ಪಲಿ ಬಿಟ್ಟರು. ಮತ್ತೆ ಪಂಚೆ ಎತ್ತಿ ಕಾಲು ಅದ್ದಿದರು. ಒಳಗೆ ಒಂದು ಗೂಡು ಬಿಡಿಸಿ ಬೆರಳಲ್ಲಿ ಒತ್ತಿ ನೋಡಿದರು.

"ಗಟ್ಟಿಯಾಗೈತೆ," ಎಂದು ಕಾರ್ಯದರ್ಶಿಯ ಕಡೆ ಕೈಚಾಚಿದರು. "ಪತ್ರ ಕೊಡಪ್ಪ, ರುಜು ಹಾಕ್ತೀನಿ." ಆಮೇಲೆ ಅಮ್ಮನ ಕಡೆ ತಿರುಗಿದರು. "ಅಲ್ಲಮ್ಮ, ನೀನು ಹುಳ ಸಾಕೋದು ಯಾವಾಗ ಕಲ್ತೆ?"

"ನಿಮ್ಮ ಕಿಟಕಿ ಹತ್ರ ನಿಂತಿದ್ದಾಗ," ಎಂದಳು ಅಮ್ಮ.