ಹದಿನೆಂಟು ಅಕ್ಷರ

ಹೋದ ತಿಂಗಳು ನಾದಿನಿಯ ಮಗಳ ಮದುವೆಗೆ ಕೊಡಲೆಂದು ಧಾರವಾಡದ ಭಾಂಡೆ ಅಂಗಡಿಯಲ್ಲಿ ಒಂದು ಸ್ಟೀಲಿನ ಕೊಡ ಕೊಂಡೆ. ಅಂಗಡಿಯ ಹುಡುಗಿ "ಹೆಸರ ಹಾಕೂದೇನ್ರಿ ಅಕ್ಕಾರ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಇನ್ನೊಬ್ಬರ ತಟ್ಟೆಗೆ ಮಶೀನು ಹಚ್ಚಿದಳು. ಗುಂಯ್ ಎಂದು ಅದು ಕೊರೆಯತೊಡಗಿತು. ಈಗಿನದೆಲ್ಲ ಕರೆಂಟಿನ ಮಶೀನು, ಅರೆಗಳಿಗೆಯಲ್ಲಿ ಕೆಲಸ ಮುಗಿಯುತ್ತದೆ. ನನ್ನ ಕಿವಿಗೆ ಬಿದ್ದದ್ದು ಮಾತ್ರ ಬೇರೆಯೇ ಸದ್ದು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು, ಟಿಕ್ ಟಿಕ್ ಟಿಕ್ ಎಂದು ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಅಕ್ಷರ ಮೂಡಿಸುತ್ತಿದ್ದ ಸದ್ದು. "ಬ್ಯಾಡ್ರಿ, ಹಂಗ ಕೊಡ್ರಿ" ಎಂದೆ. ಆ ಹುಡುಗಿ ನನ್ನನ್ನು ಒಂದು ಥರಾ ನೋಡಿದಳು. ನೋಡಬೇಕಾದದ್ದೇ. ನಮ್ಮ ಕಡೆ ಹೆಸರಿಲ್ಲದ ಪಾತ್ರೆಯನ್ನು ಯಾರೂ ಉಡುಗೊರೆ ಕೊಡುವುದಿಲ್ಲ. ಮದುವೆ ಮನೆಯಲ್ಲಿ ಹತ್ತು ಮನೆಯ ಪಾತ್ರೆ ಕೂಡುತ್ತವೆ, ಹೆಸರಿದ್ದರೆ ತಾನೇ ಅವು ತಮ್ಮ ತಮ್ಮ ಮನೆಗೆ ಮರಳುವುದು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮನೆಯ ಚಮಚದಿಂದ ಹಿಡಿದು ನೀರು ಕಾಯಿಸುವ ಹಂಡೆಯವರೆಗೆ ಎಲ್ಲದಕ್ಕೂ ಅವಳು ಹೆಸರು ಹಾಕಿಸಿದ್ದಳು. ತನಗೆ ಓದಲು ಬಾರದು. ಆದರೆ ಪಾತ್ರೆ ಕೈಗೆತ್ತಿಕೊಂಡವಳು ಮೊದಲು ಹೆಬ್ಬೆರಳಿನಿಂದ ಆ ಚುಕ್ಕೆಗಳನ್ನು ಸವರಿ, ನಮ್ಮದೇ ಎಂದು ಖಾತ್ರಿ ಮಾಡಿಕೊಂಡೇ ಕೆಳಗಿಡುತ್ತಿದ್ದಳು. ಮನೆಯಲ್ಲಿ ಹೆಸರಿಲ್ಲದೆ ಉಳಿದಿದ್ದವು ಎಂದರೆ ಕಾಕಾನ ಸೈಕಲ್ಲುಗಳು ಮಾತ್ರ. ಶಿವಲಿಂಗ ಕಾಕಾ ಅಪ್ಪನ ತಮ್ಮ. ಊರಿನ ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದ. ಮದುವೆಯಾಗಲಿಲ್ಲ. ಹೆಣ್ಣು ನೋಡುವ ಮಾತು ಬಂದಾಗಲೆಲ್ಲ ಅವನು ಒಂದು ಹಳೆಯ ಚಕ್ರ ಹಿಡಿದುಕೊಂಡು ಹಿತ್ತಲಿಗೆ ಜಾರುತ್ತಿದ್ದ. "ಆತು ಬಿಡು, ಸೈಕಲ್ಲಿಗೇ ತಾಳಿ ಕಟ್ಟು. ನಾ ಅಕ್ಕಿಕಾಳ ಹಾಕತೇನಿ" ಎಂದು ಆಯಿ ಹಿಂದಿನಿಂದ ಕೂಗುತ್ತಿದ್ದಳು.

ಅವು ನಾವೆಲ್ಲ ಶಾಲೆಗೆ ಹೊಡೆಯುತ್ತಿದ್ದಂಥ ಸೈಕಲ್ಲುಗಳಲ್ಲ. ಯಾವುದೋ ಕಾಲದಲ್ಲಿ ವಿಲಾಯತಿಯಿಂದ ಬಂದ, ಸಪೂರ ಪೈಪಿನ ಉಕ್ಕಿನ ರೇಸ್ ಸೈಕಲ್ಲುಗಳು. ಹ್ಯಾಂಡಲ್ ಕೆಳಕ್ಕೆ ಸುತ್ತಿಕೊಂಡಿರುತ್ತಿತ್ತು, ಆಯಿ ಅದನ್ನು ಟಗರಿನ ಕೋಡು ಎನ್ನುತ್ತಿದ್ದಳು. ಸಂಸ್ಥಾನದ ಕಾಲದಲ್ಲಿ ರಾಮದುರ್ಗದ ಅಧಿಕಾರಿಗಳ ಮಕ್ಕಳು ಇಂಥವನ್ನು ತರಿಸಿಕೊಂಡಿದ್ದರಂತೆ. ಅವರು ಸವಾರಿ ಬಿಟ್ಟ ಮೇಲೆ ಸೈಕಲ್ಲುಗಳು ಎಲ್ಲೆಲ್ಲಿಗೋ ಹೋಗಿ ಏನೇನೋ ಆಗಿದ್ದವು. ಸವದತ್ತಿಯಲ್ಲಿ ಒಂದು, ಚಾಕುವಿಗೆ ಸಾಣೆ ಹಿಡಿಯುವವನ ಕೈಯಲ್ಲಿ ಸಿಕ್ಕಿತು. ಮುರಗೋಡದಲ್ಲಿ ಒಂದರ ಮೈಮೇಲೆ ಹೀರೇಕಾಯಿ ಬಳ್ಳಿ ಹಬ್ಬಿತ್ತು. ಆ ಮನೆಯವರು ಕಾಯಿ ಬಿಡಿಸುವವರೆಗೆ ಕಾಯಬೇಕು ಎಂದದ್ದಕ್ಕೆ ಕಾಕಾ ಎರಡು ತಿಂಗಳು ಕಾದಿದ್ದ. ಮನೆಗೆ ತಂದವನು ಮೊದಲು ಬಲಗೈಯ ಬೆಳ್ಳಿಯ ಉಂಗುರದಿಂದ ಪೈಪನ್ನು ಮೆಲ್ಲಗೆ ಬಾರಿಸಿ ಕಿವಿಗೊಡುತ್ತಿದ್ದ, ಸಂತೆಯಲ್ಲಿ ಹೆಂಗಸರು ಗಡಿಗೆ ಬಾರಿಸಿ ನೋಡುವಂತೆ. ಟಣ್ ಎಂದು ಸದ್ದು ಉದ್ದಕ್ಕೆ ಹರಿದರೆ ಅವನ ಮುಖ ಅರಳುತ್ತಿತ್ತು. "ಕೇಳವಾ, ಹಾಡಾಕತ್ತೈತಿ. ಹಾಡೂ ಪೈಪ ಮುರಿಯಂಗಿಲ್ಲ." ಆಮೇಲೆ ಚಿಮಣಿ ಎಣ್ಣೆಯಲ್ಲಿ ತೊಳೆಯುವುದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುವುದು, ಚಕ್ರದ ಬೇರಿಂಗಿನ ಗುಂಡುಗಳನ್ನು ಬಟ್ಟಲಲ್ಲಿ ಎಣಿಸಿಡುವುದು. ನಮ್ಮ ಪಡಸಾಲೆಯ ಜಂತಿಗೆ ಹಗ್ಗ ಕಟ್ಟಿ ಅವನ್ನು ಸಾಲಾಗಿ ತೂಗುಹಾಕುತ್ತಿದ್ದ, ಬೀಜದ ಜೋಳದ ತೆನೆಗಳ ಪಕ್ಕದಲ್ಲಿಯೇ. ಚಿಮಣಿ ಎಣ್ಣೆಯೂ ಹೊಸ ಜೋಳವೂ ಕೂಡಿದ ಆ ವಾಸನೆ ನನಗೆ ಮತ್ತೆಲ್ಲಿಯೂ ಸಿಕ್ಕಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ನಮ್ಮ ಕಡೆ ಹಬ್ಬ-ಹರಿದಿನಕ್ಕೆ ಸೈಕಲ್ ಶರ್ಯತ್ತು ಇಡುತ್ತಿದ್ದರು. ಕಿತ್ತೂರಿನಿಂದ ಬೈಲಹೊಂಗಲದವರೆಗಿನ ಶರ್ಯತ್ತಿನಲ್ಲಿ ಕಾಕಾ ಮೂರು ಸಲ ಎರಡನೆಯವನಾಗಿದ್ದ, ಅದೂ ಈ ಸೈಕಲ್ಲುಗಳು ಕೈಗೆ ಬರುವ ಮೊದಲು, ಹಾಲು ಮಾರುವವರ ದಪ್ಪ ಸೈಕಲ್ ಮೇಲೆ. ಒಮ್ಮೆಯಾದರೂ ಮೊದಲಿಗನಾಗಬೇಕು ಎಂಬ ಹಂಬಲ ಅವನನ್ನು ಒಳಗೇ ಕೊರೆಯುತ್ತಿತ್ತು. ವಯಸ್ಸು ಮೂವತ್ತು ದಾಟಿತ್ತು, ಇನ್ನು ಹೆಚ್ಚು ವರ್ಷ ಉಳಿದಿಲ್ಲವೆಂದು ಅವನಿಗೂ ಗೊತ್ತಿತ್ತು. ರಾಮದುರ್ಗದ ಒಂದು ಹಳೆಯ ವಾಡೆಯ ಕಟ್ಟಿಗೆ ಕೋಣೆಯಲ್ಲಿ ಸಿಕ್ಕ ಒಂದು ಸೈಕಲ್ಲನ್ನು ಅವನು ಎರಡು ವರ್ಷ ಕೂತು ರಿಪೇರಿ ಮಾಡಿದ. ಇಷ್ಟು ಚೆನ್ನಾಗಿ ಹಾಡುವ ಪೈಪನ್ನು ತಾನು ಕೇಳಿಯೇ ಇಲ್ಲ ಎನ್ನುತ್ತಿದ್ದ. ನವಿಲಿನ ಕೊರಳಿನ ಬಣ್ಣ ಹೊಡೆಸಿದ. ನಾನು ಒಂದು ಕೈಯಲ್ಲಿ ಎತ್ತಿ ನೋಡಿದೆ, ಪುಸ್ತಕದ ಪಾಟಿಚೀಲಕ್ಕಿಂತ ಸ್ವಲ್ಪ ಭಾರವಿತ್ತು, ಅಷ್ಟೇ.

ಶರ್ಯತ್ತಿಗೆ ಎರಡು ದಿನ ಇರುವಾಗ, ಕಾಕಾ ಜಿನ್ನಿಗೆ ಹೋಗಿದ್ದ ಹೊತ್ತಿನಲ್ಲಿ, ಪಾತ್ರೆಗೆ ಹೆಸರು ಹಾಕುವ ಮೌಲಾಸಾಬ ನಮ್ಮ ಓಣಿಗೆ ಬಂದ. ಆಯಿ ಅವನನ್ನು ಒಳಕ್ಕೆ ಕರೆದು ಸೈಕಲ್ ಇಳಿಸಿದಳು. "ನಾಕ ಊರಿನ ಮಂದಿ ಕೂಡತೈತಿ. ಯಾರರ ಹೊಡಕೊಂಡ ಹ್ವಾದ್ರ? ನನ್ನ ಮಗನ ಹೆಸರ ಹಾಕು. ಕೊರಳಾಗ ಇರಲಿ, ಎಲ್ಲಾರಿಗೂ ಕಾಣಬೇಕು." ಕೊರಳು ಎಂದರೆ ಹ್ಯಾಂಡಲಿನ ಕೆಳಗೆ ಪೈಪುಗಳು ಕೂಡುವ ಜಾಗ. ಮೌಲಾಸಾಬನಿಗೆ ಕನ್ನಡ ಓದಲು ಬಾರದು, ಕಾಗದದ ಮೇಲೆ ಬರೆದುಕೊಟ್ಟರೆ ಕಂಡಹಾಗೆ ತಿದ್ದುತ್ತಿದ್ದ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಹನ್ನೊಂದು ವರ್ಷ, ಅಕ್ಷರ ಮುತ್ತಿನಂಥವು ಎಂದು ಶಾಲೆಯಲ್ಲಿ ಹೊಗಳಿಸಿಕೊಂಡ ಸೊಕ್ಕು ಬೇರೆ. ಶಿವಲಿಂಗಪ್ಪ ಎಂದು ಬರೆದು ಕೈಬಿಟ್ಟಿದ್ದರೆ ಸಾಕಿತ್ತು, ಐದೇ ಅಕ್ಷರ. ನಾನು ಬಿಡಲಿಲ್ಲ. ಶಿವಲಿಂಗಪ್ಪ ರುದ್ರಪ್ಪ ಹೊಸಮನಿ, ಸಾ॥ ಬೈಲಹೊಂಗಲ ಎಂದು ಊರಿನ ಸಮೇತ ಬರೆದೆ. ಹದಿನೆಂಟು ಅಕ್ಷರ. "ಭಾಳ ಉದ್ದಾತವಾ" ಎಂದ ಮೌಲಾಸಾಬ. "ಎಲ್ಲಾ ಹಾಕ್ರಿ" ಎಂದೆ. ಅವನು ಪಾಪ ಪೈಪಿನ ಸುತ್ತ ಕೂಡಿಸುತ್ತ ಹೋದ. ಕಡೆಯ ಅಕ್ಷರ ಬಂದು ಮೊದಲನೆಯದನ್ನು ಮುಟ್ಟಿತು. ಆಯಿ ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿ, ನನ್ನ ಜೊತೆ ಹದಿನೆಂಟರವರೆಗೆ ಎಣಿಸಿ, ನೆಟಿಗೆ ಮುರಿದು ನನ್ನ ದೃಷ್ಟಿ ತೆಗೆದಳು.

ಸಂಜೆ ಕಾಕಾ ಬಂದು ನೋಡಿದ. ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಹತ್ತಿರ ಬಂದು, ಉಂಗುರದಿಂದ ಪೈಪನ್ನು ಒಮ್ಮೆ ಬಾರಿಸಿದ. ಕಿವಿ ಹಚ್ಚಿ ಮತ್ತೊಮ್ಮೆ ಬಾರಿಸಿದ. ಆಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮಗನ ಮುಖವನ್ನೇ ನೋಡುತ್ತಿದ್ದಳು. "ಹೆಂಗ ಆಗೇತೋ?" ಎಂದಳು. "ಛಲೋ ಆಗೇತಿ ಬಿಡ ಯವ್ವಾ" ಎಂದು ಅವನು ನಕ್ಕ. ನನಗೆ ಹಿಗ್ಗೋ ಹಿಗ್ಗು.

ಶರ್ಯತ್ತಿನ ದಿನ ನಾನೂ ಆಯಿಯೂ ಊರ ಹೊರಗಿನ ಬೇವಿನ ಮರದ ಕೆಳಗೆ ಕಾಯುತ್ತಿದ್ದೆವು. ಆಯಿಯ ಕೈಯಲ್ಲಿ ಭಂಡಾರವಿತ್ತು, ಹಣೆಗೆ ಹಚ್ಚಲು. ಮೋಟರ್ ಸೈಕಲ್ ಮೇಲೆ ಮುಂದೆ ಬಂದವರು ಶಿವಲಿಂಗನೇ ಮೊದಲಿದ್ದಾನೆ, ಹಿಂದಿನವನು ಕಣ್ಣಿಗೂ ಕಾಣುವುದಿಲ್ಲ ಎಂದು ಕೂಗಿ ಹೋದರು. ಹಾದಿ ನೋಡಿದೆವು. ಬಂದವನು ಬೇರೆ ಯಾರೋ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಎಲ್ಲರೂ ಬಂದಾದ ಮೇಲೆ ಒಂದು ಟೆಂಪೋ ಬಂತು. ಕಾಕಾನನ್ನು ಹಿಂದೆ ಮಲಗಿಸಿದ್ದರು. ಊರು ಮೂರು ಮೈಲಿ ಇರುವಾಗ, ಇಳಿಜಾರಿನಲ್ಲಿ, ಸೈಕಲ್ಲಿನ ಕೊರಳು ಕಡಿದಿತ್ತು. ಎಡಗಾಲಿನ ಮೊಣಕಾಲ ಚಿಪ್ಪು ಒಡೆದಿತ್ತು. ಆಯಿ ಮಗನ ತಲೆ ಹಿಡಿದು ಅಳುತ್ತಿದ್ದರೆ, ನಾನು ಟೆಂಪೋದ ಮೂಲೆಯಲ್ಲಿ ಬಿದ್ದಿದ್ದ ಸೈಕಲ್ಲನ್ನು ನೋಡಿದೆ. ಪೈಪು ಬೇರೆಲ್ಲಿಯೂ ಮುರಿದಿರಲಿಲ್ಲ. ಅಂಚೆಚೀಟಿಯನ್ನು ತೂತುಗಳ ಗುಂಟ ಹರಿದ ಹಾಗೆ, ನನ್ನ ಅಕ್ಷರಗಳ ನಡುವೆಯೇ ಸುತ್ತಲೂ ಹರಿದಿತ್ತು. ಅರ್ಧ ಹೆಸರು ಆಚೆ, ಅರ್ಧ ಹೆಸರು ಈಚೆ. ಎಷ್ಟು ತೆಳುವಾದ ಪೈಪು ಅದು ಎಂದು ಅವತ್ತು ಗೊತ್ತಾಯಿತು.

"ನಾಯಿ ಅಡ್ಡ ಬಂತು ಯವ್ವಾ" ಎಂದ ಕಾಕಾ. ದವಾಖಾನೆಯಲ್ಲಿ ಅವನು ಆಡಿದ ಮೊದಲ ಮಾತೇ ಅದು. ನನ್ನ ಕಡೆ ನೋಡಲಿಲ್ಲ. ಮುರಿದ ಸೈಕಲ್ಲನ್ನು ಗೆಳೆಯರ ಕೈಯಲ್ಲಿ ಅಂದೇ ಎಲ್ಲಿಗೋ ಕಳಿಸಿಬಿಟ್ಟಿದ್ದ, ರಾಮದುರ್ಗದ ದೋಸ್ತನ ಮನೆಯಲ್ಲಿ ಇಟ್ಟಿದ್ದೇನೆ ಎಂದ. ಆಯಿ ನಂಬಿದಳು. ನಮ್ಮ ಓಣಿಯ ನಾಯಿಗಳಿಗೆ ವರ್ಷಗಟ್ಟಲೆ ಹಾಕುತ್ತಿದ್ದ ರೊಟ್ಟಿ ಅವತ್ತಿನಿಂದ ನಿಂತಿತು. ಆ ಬಡ ನಾಯಿಗಳು ಏನೂ ಅರಿಯದೆ ಹೊತ್ತಿಗೆ ಸರಿಯಾಗಿ ಬಂದು ಕಟ್ಟೆಯ ಮುಂದೆ ಕೂಡುತ್ತಿದ್ದವು, ಆಯಿ ಕಲ್ಲು ಬೀರುತ್ತಿದ್ದಳು. ನಾನು ನನ್ನ ಪಾಲಿನ ರೊಟ್ಟಿಯನ್ನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ಅವಕ್ಕೆ ಹಾಕುತ್ತಿದ್ದೆ. ತಪ್ಪು ನನ್ನದು ಎಂದು ಹೇಳಬೇಕೆಂದು ಎಷ್ಟೋ ಸಲ ಕಾಕಾನ ಹಾಸಿಗೆಯ ಹತ್ತಿರ ಹೋದೆ. ಅವನು ಪ್ರತಿ ಸಲವೂ ಶಾಲೆಯ ಸುದ್ದಿ ಕೇಳಿ ಮಾತು ತಿರುಗಿಸುತ್ತಿದ್ದ. ಕಾಲು ಮುಂದೆ ಪೂರ್ತಿ ಮಡಿಚಲೇ ಇಲ್ಲ. ಸೈಕಲ್ ಹೊಡೆಯುವುದು ಮುಗಿಯಿತು. ರಿಪೇರಿ ಮಾತ್ರ ಬಿಡಲಿಲ್ಲ, ತಾನು ಹತ್ತಲಾಗದ ಸೈಕಲ್ಲುಗಳನ್ನು ತಂದು ತೊಳೆದು ತಿಕ್ಕಿ ಜಂತಿಗೆ ಏರಿಸುತ್ತಲೇ ಇದ್ದ.

ವರ್ಷಗಳು ಕಳೆದವು, ಆಯಿಯ ಎರಡೂ ಕಣ್ಣು ಹೋದವು. ಮಹಾನವಮಿಯ ದಿನ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಕಾಕಾ ಸೈಕಲ್ಲುಗಳನ್ನೆಲ್ಲ ಇಳಿಸಿ ವಿಭೂತಿ ಹಚ್ಚುವಾಗ ಅವಳು ಗೋಡೆಗೆ ಆತು ಕೂತು ಒಂದೊಂದರ ಕೊರಳನ್ನೂ ಸವರುತ್ತಿದ್ದಳು. "ಹೆಸರಿಂದು ಎಲ್ಲೈತೋ? ರಾಮದುರ್ಗದಿಂದ ಇನ್ನಾ ತಂದಿಲ್ಲಾ?" ಪ್ರತಿ ವರ್ಷವೂ ಇದೇ ಪ್ರಶ್ನೆ. ನನ್ನ ಮದುವೆ ಗೊತ್ತಾದ ವರ್ಷ ಆಯಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಕಾಕಾ ನನ್ನನ್ನು ಹಿತ್ತಲಿಗೆ ಕರೆದ. ಅಲ್ಲಿ ಮುದುಕನಾದ ಮೌಲಾಸಾಬ ಉಳಿ ಹಿಡಿದು ಕೂತಿದ್ದ. ಅವನ ಮುಂದೆ ಕಾಕಾನ ಎಲ್ಲ ಸೈಕಲ್ಲುಗಳಲ್ಲಿ ಅತಿ ಅಪರೂಪದ್ದು, ಬೆಳ್ಳಿಬಣ್ಣದ್ದು. ಅದನ್ನು ಮುಟ್ಟುವ ಮೊದಲು ಅವನು ಕೈ ತೊಳೆದುಕೊಳ್ಳುತ್ತಿದ್ದ, ನೊಣ ಕೂತರೂ ಒರೆಸುತ್ತಿದ್ದ. ನನ್ನ ಕೈಗೆ ಕಾಗದ, ಪೆನ್ನು ಕೊಟ್ಟ. "ಮದಲ ಹೆಂಗ ಬರದಿದ್ದೀ ಹಂಗ ಬರಿ. ಹದಿನೆಂಟೂ ಇರಲಿ, ಆಕಿ ಎಣಸತಾಳ."

ಅಂದರೆ ಬರೆದವಳು ನಾನೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಬರೆಯುತ್ತಿದ್ದಂತೆ ಕಣ್ಣೀರು ಕಾಗದದ ಮೇಲೆ ಬಿತ್ತು. "ಅಳಬ್ಯಾಡವಾ, ಕಾಗದ ತೋಯ್ತೈತಿ" ಎಂದಷ್ಟೇ ಹೇಳಿ ಅವನು ಆ ಕಡೆ ತಿರುಗಿ ನಿಂತ. ಟಿಕ್ ಟಿಕ್ ಎಂದು ಮೊದಲ ಚುಕ್ಕೆ ಬಿದ್ದಾಗ ಅವನ ಹೆಗಲು ಒಮ್ಮೆ ಜಗ್ಗಿದ್ದನ್ನು ನಾನು ಕಂಡೆ. ಹದಿನೆಂಟನೆಯ ಅಕ್ಷರ ಮುಗಿಯುವವರೆಗೂ ಅವನು ತಿರುಗಲಿಲ್ಲ. ಸಂಜೆ ಸೈಕಲ್ಲನ್ನು ಆಯಿಯ ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಆಯಿಯ ಹೆಬ್ಬೆರಳು ಕೊರಳು ಹುಡುಕಿಕೊಂಡು ಹೋಯಿತು. ಸುತ್ತಿ ಬಂತು. ತುಟಿ ಅಲ್ಲಾಡಿಸುತ್ತ ಎಣಿಸಿದಳು. "ಹೌದು ನೋಡು, ನಮ್ಮದ" ಎಂದಳು. ಬೆರಳು ತೆಗೆಯದೆಯೇ, "ಮತ್ತ ಯಾಕ ಹೊಡಿಯಂಗಿಲ್ಲೋ?" ಎಂದು ಕೇಳಿದಳು. "ಮೊಣಕಾಲ ನೋಯತೈತಿ ಯವ್ವಾ" ಎಂದ ಕಾಕಾ. ಆ ತಿಂಗಳೇ ಆಯಿ ಹೋದಳು.

ಕಾಕಾನೂ ಹೋಗಿ ಬಹಳ ವರ್ಷವಾಯಿತು. ಅವನು ತೀರಿದ ವರ್ಷವೇ ರಸ್ತೆ ಅಗಲ ಮಾಡುವಾಗ ನಮ್ಮ ಮನೆಯ ಮುಂಭಾಗ ಹೋಯಿತು, ಪಡಸಾಲೆಯೂ ಅದರ ಜಂತಿಗಳೂ ಹೋದವು. ಸೈಕಲ್ಲುಗಳನ್ನು ಇಡಲು ಜಾಗವಿಲ್ಲದೆ, ಇಂಥವನ್ನು ಕೂಡಿಸುವ, ಪುಣೆಯಲ್ಲಿ ನೆಲೆಸಿದ್ದ ನಮ್ಮ ಕಡೆಯ ಹಿರಿಯರೊಬ್ಬರನ್ನು ಅಪ್ಪ ಕರೆಸಿದ್ದ. ಒಳ್ಳೆಯ ಮನುಷ್ಯ. ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತಿದ್ದರು, ಥೇಟ್ ಕಾಕಾನ ಹಾಗೆ. ಬೆಳ್ಳಿಬಣ್ಣದ್ದನ್ನು ಕಂಡು ಅವರ ಕಣ್ಣು ಹೊಳೆದವು. ಆಮೇಲೆ ಬೆರಳು ಕೊರಳಿಗೆ ಬಂತು, ಮುಖ ಬಾಡಿತು. "ಅರೆರೆ, ಎಂಥಾ ವಸ್ತು ಕೆಡಿಸ್ಯಾರ್ರಿ! ಇದನ್ನ ಇನ್ನ ಹತ್ತಾಕ ಬರಂಗಿಲ್ಲ. ಯಾರ್ರಿ ಇದನ್ನ ಬರದಾವ್ರು?"

"ನಾನರಿ" ಎಂದೆ.

ಅಂದಾದ ಮೇಲೆ ತಿಳಿಯಿತು, ಇಷ್ಟು ವರ್ಷಗಳಲ್ಲಿ ಈ ಮಾತನ್ನು ನಾನು ಬಾಯಿಬಿಟ್ಟು ಯಾರ ಮುಂದೆಯೂ ಆಡಿರಲಿಲ್ಲ. ಆಡಬೇಕಾದವನ ಮುಂದೆ ಆಡಲಿಲ್ಲ. ಅವರು ಅದೊಂದನ್ನು ಬಿಟ್ಟು ಉಳಿದವನ್ನೆಲ್ಲ ಒಯ್ದರು. ಅದು ಈಗ ಧಾರವಾಡದಲ್ಲಿ ನನ್ನ ಮನೆಯ ಗೋಡೆಯ ಮೇಲಿದೆ. ಖಂಡೇಪೂಜೆಯ ದಿನ ಇಳಿಸಿ, ತೊಳೆದು, ವಿಭೂತಿ ಹಚ್ಚುತ್ತೇನೆ. ಕಾಕಾನ ಬೆಳ್ಳಿಯ ಉಂಗುರ ನನ್ನ ಹೆಬ್ಬೆರಳಿಗೆ ಸರಿಯಾಗಿ ಕೂಡುತ್ತದೆ. ಅದರಿಂದ ಮೆಲ್ಲಗೆ ಬಾರಿಸಿದರೆ ಪೈಪು ಇವತ್ತಿಗೂ ಹಾಡುತ್ತದೆ, ಒಬ್ಬರೂ ಹತ್ತದ ಸೈಕಲ್ಲು, ಬಿರುಕು ಎಲ್ಲಿಂದ ಬರಬೇಕು. ಆ ಸಂಜೆ ಕಾಕಾ ಬಾಗಿಲಿನಿಂದ ಹತ್ತಿರ ಬಂದು ನವಿಲುಬಣ್ಣದ್ದನ್ನು ಒಮ್ಮೆ ಬಾರಿಸಿ, ಕಿವಿ ಹಚ್ಚಿ ಮತ್ತೊಮ್ಮೆ ಬಾರಿಸಿದ್ದು ನೆನಪಾಗುತ್ತದೆ. ಎರಡನೆಯ ಸಲ ಅವನಿಗೆ ಏನು ಕೇಳಿಸಿತೋ, ನಾನು ಕೇಳಲೇ ಇಲ್ಲ.