ಮೂವತ್ತು ಡಿಗ್ರಿಯ ಸುಳ್ಳು

ಮೀಟರಿನಲ್ಲಿ ಕಾಣದ ಯಾವುದನ್ನೂ ನಾನು ನಂಬಿದವನಲ್ಲ. ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದೆ. ಈಗಲೂ ಪೂರ್ತಿ ನಂಬುವುದಿಲ್ಲ. ಆದರೆ ಮಾವಿನಕುರ್ವೆಯ ಆ ಮಧ್ಯಾಹ್ನ ನೆನಪಾದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ಕುಮಟಾದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ದೋಣಿಗಳಿಗೆ ಲಿಥಿಯಂ ಬ್ಯಾಟರಿ ಬರತೊಡಗಿದಾಗ, ಅವನ್ನು ಬೇಗ ತುಂಬಿಸುವ ದೊಡ್ಡ ಚಾರ್ಜರ್ ಒಂದನ್ನು ನಾನೇ ವಿನ್ಯಾಸ ಮಾಡಿದೆ. ಅಷ್ಟು ಕರೆಂಟು ಒಮ್ಮೆಲೇ ನುಗ್ಗಿದರೆ ಬ್ಯಾಟರಿ ಕಾಯುತ್ತದೆ. ಮಿತಿ ಮೀರಿದರೆ ಬೆಂಕಿ. ಅದಕ್ಕೇ ಬ್ಯಾಟರಿಯೊಳಗೆ ಶಾಖ ಅಳೆಯುವ ಸೆನ್ಸರ್ ಇಟ್ಟು, ಅದರ ತಂತಿಯನ್ನು ಚಾರ್ಜರಿಗೆ ಜೋಡಿಸಿದ್ದೆ. ಐವತ್ತು ಡಿಗ್ರಿ ದಾಟಿದರೆ ಚಾರ್ಜರ್ ತಾನೇ ನಿಲ್ಲಬೇಕು. ಮಾರಾಟ ನೋಡಿಕೊಳ್ಳುತ್ತಿದ್ದ ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಇದು ಹಿಡಿಸಲಿಲ್ಲ. ಬಿಸಿಲಿಗೆ ನಡುವೆಯೇ ನಿಂತುಬಿಡುತ್ತದೆ, ಗಿರಾಕಿಗಳು ಬೈಯುತ್ತಾರೆ ಎಂದು ದಿನವೂ ತಕರಾರು. ಸತ್ತರೂ ತೆಗೆಯುವುದಿಲ್ಲ ಎಂದಿದ್ದೆ.

ಆ ದಿನ ಮಾವಿನಕುರ್ವೆಯ ದಡದಲ್ಲಿ ನಾನೂ ಭಾವನೂ ಮೊದಲ ದೋಣಿಗೆ ಚಾರ್ಜರ್ ಹಚ್ಚಿದೆವು. ಬ್ಯಾಟರಿಯ ಮೇಲಿನ ಹಲಗೆಯಲ್ಲಿ ದೋಣಿ ಮಾಲೀಕರ ಹೆಂಡತಿ ಸಾವಿತ್ರಕ್ಕ ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬಲೆ ಬಿಡಿಸುತ್ತಿದ್ದರು. ಇಳಿಯಿರಿ ಎಂದರೆ, ಬೇರೆಲ್ಲೂ ನೆರಳಿಲ್ಲ ಎಂದರು. ಚಾರ್ಜರಿನ ಪರದೆಯಲ್ಲಿ ಮೂವತ್ತು ಡಿಗ್ರಿ ಇತ್ತು. ಬಹಳ ಹೊತ್ತು ಮೂವತ್ತೇ ಇತ್ತು. ಆಮೇಲೆ ನನ್ನ ಕಣ್ಣೆದುರೇ ಅಂಕಿ ಏರತೊಡಗಿತು. ಐವತ್ತು ದಾಟಿದ್ದೇ ಚಾರ್ಜರ್ ನಿಂತಿತು. ಅವರಿಬ್ಬರನ್ನೂ ದಡಕ್ಕಿಳಿಸಿ ಹಲಗೆ ಎತ್ತಿದರೆ, ಬ್ಯಾಟರಿ ಮುಟ್ಟಲಾಗದಷ್ಟು ಕಾದು ಉಬ್ಬಿತ್ತು.

ಸೆನ್ಸರ್ ಜೀವ ಉಳಿಸಿತು ಎಂಬ ಹೆಮ್ಮೆಯಲ್ಲೇ ಚಾರ್ಜರಿನ ಮುಚ್ಚಳ ಬಿಚ್ಚಿದೆ. ಒಳಗೆ ಸೆನ್ಸರಿನ ತಂತಿಯನ್ನೇ ಕತ್ತರಿಸಿ, ಅದರ ಜಾಗದಲ್ಲಿ ಕಾಳಿನಷ್ಟು ಚಿಕ್ಕ ರೆಸಿಸ್ಟರ್ ಒಂದನ್ನು ಬೆಸೆದಿದ್ದರು. ಅದೊಂದಿದ್ದರೆ ಬ್ಯಾಟರಿ ಉರಿದು ಬೂದಿಯಾದರೂ ಪರದೆ ಮೂವತ್ತೇ ತೋರಿಸಬೇಕು. ಭಾವನ ಮುಖ ನೋಡಿದೆ. ಅವರು ನೀರಿನ ಕಡೆ ನೋಡಿದರು.

ಚಾರ್ಜರನ್ನು ವರ್ಕ್‌ಶಾಪಿಗೆ ತಂದು ಬಿಸಿಗಾಳಿ ಊದಿದೆ, ಅಲುಗಾಡಿಸಿದೆ, ಬಿಸಿಲಲ್ಲಿಟ್ಟೆ. ಮೂವತ್ತು ಕದಲಲಿಲ್ಲ. ಹಾಗಾದರೆ ಅಂದು ಏರಿದ್ದು ಏನು? ಬ್ಯಾಟರಿಯ ಬಿಸಿ ಯಾವ ದಾರಿಯಲ್ಲಿ ಆ ಪರದೆ ಮುಟ್ಟಿತು? ಇದೇ ಕೆಲಸದಲ್ಲಿ ತಲೆ ನರೆತ ನನಗೆ ಇನ್ನೂ ಗೊತ್ತಾಗಿಲ್ಲ.

ಭಾವನಿಗೆ ಬಾಯಿಗೆ ಬಂದಂತೆ ಬೈದೆ. ತಪ್ಪಾಯಿತು ಎನ್ನುತ್ತಾರೆಂದು ಕಾದೆ. ಅವರು ತಣ್ಣಗೆ, “ಎಂತಕ್ಕೆ ಇಷ್ಟು ಸಿಟ್ಟು ಮಾರಾಯ? ಸೆನ್ಸರ್ ಇಲ್ದೇ ಇದ್ರೂ ನಿಂತಿತಲ್ಲ. ಇನ್ನು ಅದು ಎಂತಕ್ಕೆ?” ಎಂದರು.

ಅಲ್ಲಿಗೆ ಪಾಲುದಾರಿಕೆ ಮುರಿಯಿತು. ಭಾವ ಈಗ ಬೇರೆ ಯಾರಿಂದಲೋ ಸೆನ್ಸರಿಲ್ಲದ ಅಂಥವೇ ಚಾರ್ಜರ್ ಮಾಡಿಸಿ ಮಾರುತ್ತಾರೆ. ಅಂದು ಸಾವಿತ್ರಕ್ಕನನ್ನೂ ಮಗುವನ್ನೂ ಉಳಿಸಿದ್ದು ಏನೇ ಇರಲಿ, ಇಂಥ ಮನುಷ್ಯನಿಗೆ ಧೈರ್ಯ ಕೊಟ್ಟದ್ದಕ್ಕೆ ಅದರ ಮೇಲೂ ನನಗೆ ಸಿಟ್ಟಿದೆ.

ಮೊನ್ನೆ ಭಟ್ಕಳದ ಬಂದರಿನಲ್ಲಿ ಒಂದು ದೋಣಿಗೆ ಆ ಚಾರ್ಜರ್ ಹಚ್ಚಿದ್ದು ಕಂಡಿತು. ಪರದೆಯಲ್ಲಿ ಮೂವತ್ತು ಡಿಗ್ರಿ. ಹಲಗೆಯ ಮೇಲೆ ಇಬ್ಬರು ಕೂತು ಊಟ ಮಾಡುತ್ತಿದ್ದರು. ನಿಲ್ಲಿಸಿ ಎಂದು ಕೂಗಾಡಿದೆ. ಹುಚ್ಚನನ್ನು ನೋಡಿದ ಹಾಗೆ ನೋಡಿದರು. ಅಂಕಿ ಏರೀತೇ ಎಂದು ಕಣ್ಣು ಕೀಲಿಸಿ ನಿಂತೆ. ಏರಲಿಲ್ಲ. ಕೊನೆಗೆ ದೋಣಿಗಿಳಿದು, ಚಾರ್ಜ್ ಮುಗಿಯುವವರೆಗೂ ಆ ಹಲಗೆಗೆ ಅಂಗೈ ಒತ್ತಿಕೊಂಡು ಕೂತೆ.